ಪೀಸಾದ ಗೋಪುರವೂ ಮಣ್ಣಿನ ಲೆಕ್ಕವೂ

ಇಟಲಿಯ ಪೀಸಾ ನಗರದ ವಾಲಿದ ಗೋಪುರವನ್ನು ಚಿತ್ರದಲ್ಲಾದರೂ ನೋಡದವರು ಕಡಿಮೆ. ನೋಡಿದವರ ಕಣ್ಣು ಅಮೃತಶಿಲೆಯ ಮೇಲೆ ನಿಲ್ಲುತ್ತದೆ. ಆದರೆ ಅದರ ಚರಿತ್ರೆಯ ಬಹುಪಾಲು ನಡೆದಿರುವುದು ಕಲ್ಲಿನ ಕೆಳಗೆ, ಮಣ್ಣಿನಲ್ಲಿ.

ಹನ್ನೆರಡನೆಯ ಶತಮಾನದ ಪೀಸಾ ಹಡಗುಗಳ, ವರ್ತಕರ ನಗರ. ಮುಸ್ಲಿಮರ ಆಳ್ವಿಕೆಯಲ್ಲಿದ್ದ ಪಲೆರ್ಮೋದ ಮೇಲೆ 1063ರಲ್ಲಿ ದಾಳಿ ಮಾಡಿ ತಂದ ಸಂಪತ್ತಿನಿಂದ ಅದು ತನ್ನ ದೊಡ್ಡ ಚರ್ಚನ್ನು ಕಟ್ಟಲು ತೊಡಗಿತ್ತು. ಅದೇ ನಗರದ ಲಿಯೊನಾರ್ಡೊ ಫಿಬೊನಾಚಿ ಉತ್ತರ ಆಫ್ರಿಕಾದ ಬಿಜಾಯಾದಲ್ಲಿ ಭಾರತದ ಅಂಕಿಗಳನ್ನು ಕಲಿತು, 1202ರಲ್ಲಿ ಅವುಗಳ ಬಗ್ಗೆ ಗ್ರಂಥ ಬರೆದ. ಕೊಳ್ಳೆಯೂ ವಿದ್ಯೆಯೂ ಒಂದೇ ಸಮುದ್ರ ದಾಟಿ ಬಂದ ಕಾಲ ಅದು.

ಆ ಚರ್ಚಿನ ಗಂಟೆಗೋಪುರದ ಕೆಲಸ ಆರಂಭವಾದದ್ದು 1173ರಲ್ಲಿ. ಮೆದುವಾದ ಜೇಡಿ ಮತ್ತು ಮರಳಿನ ನೆಲ. ಮೂರೇ ಮೀಟರ್ ಆಳದ ಬುನಾದಿ. ಸುಮಾರು 1178ರಲ್ಲಿ ಕೆಲಸ ನಿಂತಿತು. ಮತ್ತೆ ಶುರುವಾದದ್ದು 1272ರಲ್ಲಿ. ಯುದ್ಧ, ಗಲಭೆಗಳ ಆ ನೂರು ವರ್ಷಗಳೇ ಗೋಪುರವನ್ನು ಉಳಿಸಿದವು. ಒಂದೇ ಸಮನೆ ಕಟ್ಟಿದ್ದರೆ ಅದು ಅಂದೇ ಉರುಳುತ್ತಿತ್ತು ಎಂಬುದು ಇಂದಿನ ತಜ್ಞರ ಲೆಕ್ಕ.

ಇದಕ್ಕೆ ಕಾರಣ ತಿಳಿದದ್ದು ಬಹಳ ತಡವಾಗಿ, ಅದೂ ಇಸ್ತಾಂಬುಲ್ ನಗರದಲ್ಲಿ. ಪ್ರಾಗ್‌ನಲ್ಲಿ ಹುಟ್ಟಿದ ಕಾರ್ಲ್ ಟೆರ್ಜಾಘಿ 1916ರಲ್ಲಿ ಒಟ್ಟೋಮನ್ ಸರಕಾರದ ಎಂಜಿನಿಯರಿಂಗ್ ಶಾಲೆಗೆ ಮೇಷ್ಟರಾಗಿ ಬಂದವರು. ಮಹಾಯುದ್ಧ ಸೋತು ಕೆಲಸ ಹೋದಾಗ ಅದೇ ಊರಿನ ರಾಬರ್ಟ್ ಕಾಲೇಜು ಸೇರಿ, ಸಿಗಾರ್ ಪೆಟ್ಟಿಗೆಯಂಥ ಸಾಮಾನುಗಳಿಂದಲೇ ಪ್ರಯೋಗ ನಡೆಸಿದರು. ಒದ್ದೆ ಜೇಡಿಯ ಮೇಲೆ ಭಾರ ಬಿದ್ದರೆ ಮೊದಲು ಅದನ್ನು ಹೊರುವುದು ಕಣಗಳ ನಡುವಿನ ನೀರು. ಆ ನೀರು ಮೆಲ್ಲನೆ ಹೊರಗೆ ಸರಿದಂತೆ ಕಣಗಳು ಒತ್ತಾಗಿ ಕೂತು ಭಾರವನ್ನು ತಾವು ವಹಿಸಿಕೊಳ್ಳುತ್ತವೆ. ಇದಕ್ಕೆ ವರ್ಷಗಟ್ಟಲೆ ಬೇಕು. ಈ ತಿಳುವಳಿಕೆಯ ಅವರ ಗ್ರಂಥ 1925ರಲ್ಲಿ ಹೊರಬಂತು. 1934ರಲ್ಲಿ ಅವರು ಪೀಸಾದ ಗೋಪುರದ ಬಗ್ಗೆಯೂ ಬರೆದರು.

ಆದರೆ ಗೋಪುರದ ಬುಡಕ್ಕೆ ಕೈಹಾಕಿದವರಿಗೆ ಅಷ್ಟು ತಾಳ್ಮೆ ಇರಲಿಲ್ಲ. 1838ರಲ್ಲಿ ಬುಡದ ಸುತ್ತ ಮಣ್ಣು ಅಗೆದು ದಾರಿ ಮಾಡಿದರು, ವಾಲಿಕೆ ಹೆಚ್ಚಿತು. ಮುಸಲೋನಿಯ ಕಾಲದಲ್ಲಿ, ಅದೇ 1934ರಲ್ಲಿ, ಬುನಾದಿಗೆ 361 ರಂಧ್ರ ಕೊರೆದು ಸಿಮೆಂಟು ತುಂಬಿದರು, ಮತ್ತೂ ವಾಲಿತು. 1989ರಲ್ಲಿ ಪಾವಿಯಾ ನಗರದ ಗೋಪುರ ಕುಸಿದು ನಾಲ್ವರು ಸತ್ತರು. 1990ರ ಜನವರಿಯಲ್ಲಿ ಪೀಸಾದ ಗೋಪುರವನ್ನು ಮುಚ್ಚಲಾಯಿತು. ಆಗ ಅದು ಸುಮಾರು ಐದೂವರೆ ಡಿಗ್ರಿ ವಾಲಿತ್ತು.

ಗೋಪುರ ದಕ್ಷಿಣಕ್ಕೆ ಹೂತುಹೋಗುತ್ತಿದೆ ಎಂದೇ ಎಲ್ಲರ ನಂಬಿಕೆ. ಬ್ರಿಟನ್ನಿನ ಜಾನ್ ಬರ್ಲ್ಯಾಂಡ್ ಅವರಿದ್ದ ಸಮಿತಿ ಹಳೆಯ ಅಳತೆಗಳನ್ನು ಪರಿಶೀಲಿಸಿದಾಗ ಬೇರೆಯೇ ಕಂಡಿತು: ಉತ್ತರದ ಅಂಚು ಮೇಲೇಳುತ್ತಿತ್ತು. ಪ್ರತಿ ಮಳೆಗಾಲದಲ್ಲೂ ಉತ್ತರದ ಕಡೆ ನೆಲದೊಳಗಿನ ನೀರು ಏರಿ ಬುಡವನ್ನು ಎಳ್ಳಷ್ಟು ಎತ್ತುತ್ತದೆ. ಬೇಸಗೆಯಲ್ಲಿ ನೀರು ಇಳಿದರೂ ಗೋಪುರ ಪೂರ್ತಿಯಾಗಿ ಹಿಂದಕ್ಕೆ ಬರುವುದಿಲ್ಲ. ಮುಂದಿನ ವರ್ಷದ ತಳ್ಳಿಕೆ ಅಲ್ಲಿಂದಲೇ ಶುರು. ಬುನಾದಿಯೂ ಮಣ್ಣೂ ತಾಗುವ ಜಾಗದಲ್ಲಿ ಹೀಗೆ ವರ್ಷವರ್ಷವೂ ಬಾಕಿ ಬೆಳೆಯುತ್ತಿತ್ತು.

1993ರಲ್ಲಿ ಉತ್ತರದ ಬದಿಗೆ ಸುಮಾರು 600 ಟನ್ ಸೀಸ ಹೇರಿ ವಾಲಿಕೆಯನ್ನು ತಡೆದರು. 1995ರಲ್ಲಿ ಮಣ್ಣನ್ನು ಹೆಪ್ಪುಗಟ್ಟಿಸಿ ಅಗೆಯಲು ಹೋದಾಗ ಗೋಪುರ ಮತ್ತೆ ಜರುಗಿ, ಕೆಲಸ ನಿಲ್ಲಿಸಬೇಕಾಯಿತು. ಕೊನೆಗೆ 1999ರಿಂದ 2001ರವರೆಗೆ ಉತ್ತರದ ಬುಡದಡಿಯಿಂದ ಸಣ್ಣ ಕೊಳವೆಗಳ ಮೂಲಕ ಮಣ್ಣನ್ನು ಚೂರುಚೂರಾಗಿ ತೆಗೆದರು. ಗೋಪುರ ಅರ್ಧ ಡಿಗ್ರಿ ಹಿಂದಕ್ಕೆ ಬಂತು. ನೀರು ಏರಿಳಿಯದಂತೆ ಚರಂಡಿ ವ್ಯವಸ್ಥೆಯನ್ನೂ ಮಾಡಿದರು. 2001ರ ಡಿಸೆಂಬರಿನಲ್ಲಿ ಅದು ಮತ್ತೆ ಜನರಿಗೆ ತೆರೆಯಿತು.

ಬುನಾದಿ ಎಂಬ ಮಾತು ಫಾರ್ಸಿಯಿಂದ ಬಂದು ಕನ್ನಡದ್ದೇ ಆಗಿಹೋಗಿದೆ. ಒಂದೇ ಬೀದಿಯಲ್ಲಿ ಬಾಳುವವರ ನಡುವಿನ ವಿಶ್ವಾಸವೂ ಒಂದು ಮಾತಿಗೆ, ಒಂದು ಗಲಾಟೆಗೆ ವಾಲುವುದಿಲ್ಲ. ವರ್ಷವರ್ಷವೂ ಅದೇ ಕಡೆಯಿಂದ ಬೀಳುವ ಸಣ್ಣ ತಳ್ಳಿಕೆಗಳನ್ನು ಯಾರೂ ಅಳೆಯುವುದಿಲ್ಲ. ವಾಲಿದ್ದು ಕಂಡಾಗ ಮಾತ್ರ ಸಿಮೆಂಟು ಹಿಡಿದು ಓಡಿಬರುತ್ತೇವೆ. ಪೀಸಾದಲ್ಲಿ ಫಲ ಕೊಟ್ಟದ್ದು ಬುಡದ ಮಣ್ಣನ್ನು ಅರಿತು, ಅವಸರ ಬಿಟ್ಟು ಮಾಡಿದ ಕೆಲಸ.