ಮಸ್ಕಿಯ ಬಂಡೆ, ನಮ್ಮ ಮುತ್ಯಾನ ಚೀಟಿ

ಹೋದ ವಾರ ಆಫೀಸಿನ ಊಟದ ಬಿಡುವಿನಲ್ಲಿ ಮೊಬೈಲ್‌ನಲ್ಲಿ ಒಂದು ಮ್ಯೂಸಿಯಂ ನೋಡಿದೆ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದ್ದು. ಹೆಸರು ಮೆಮೋರಿಯಾಲ್ ಆಕ್ಟ್. ಹಳೇ ಸಕ್ಕರೆ ಕಾರ್ಖಾನೆ ಇದ್ದ ಜಾಗದಲ್ಲೇ 2015ರಲ್ಲಿ ತೆರೆದರು. ಆಫ್ರಿಕಾದಿಂದ ಹಿಡಿದು ತಂದು ಕಬ್ಬಿನ ಗದ್ದೆಯಲ್ಲಿ ದುಡಿಸಿದ ಗುಲಾಮರ ಕತೆ ಅಲ್ಲಿದೆ. ಫ್ರಾನ್ಸ್ 1848ರಲ್ಲಿ ಗುಲಾಮಗಿರಿ ರದ್ದು ಮಾಡಿತು. ಆಮೇಲೂ ಕಬ್ಬು ಕಡಿಯೋಕೆ ಆಳು ಬೇಕಲ್ಲ? 1854ರಿಂದ ನಮ್ಮ ದೇಶದ ಬಡವರನ್ನೇ ಕರಾರಿನ ಕೂಲಿಗಳಾಗಿ ಹಡಗಿನಲ್ಲಿ ಸಾಗಿಸಿದರು.

ನೋಡ್ತಾ ನೋಡ್ತಾ ನಮ್ಮ ಮುತ್ಯಾ ನೆನಪಾದ. ಪಾಮನಕಲ್ಲೂರು ಸೀಮೆಯಲ್ಲಿ, ಅತ್ತೆಯ ಮದುವೆಗೆ ಮಾಡಿದ ಸಾಲಕ್ಕೆ ಜೀತಕ್ಕಿದ್ದವನು. ನಮ್ಮಲ್ಲಿ ಜೀತ ರದ್ದತಿ ಕಾಯಿದೆ ಬಂದಿದ್ದು 1976ರಲ್ಲಿ. ಅವರಿಗಿಂತ 128 ವರ್ಷ ತಡ! ಮುತ್ಯಾ ಹೆಬ್ಬೆಟ್ಟು ಒತ್ತಿದ ಚೀಟಿ, ಚಹಾದಂಗಡಿಯ ಹೊರಗೆ ಅವನಿಗಂತಲೇ ಇಟ್ಟಿದ್ದ ಚಿಪ್ಪು, ಇವೆಲ್ಲ ಯಾವ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿವೆ?

ಭಾನುವಾರ ಮಗಳನ್ನ ಕರಕೊಂಡು ಮಸ್ಕಿಗೆ ಹೋದೆ. ನಮಗೆ ಹತ್ತಿರದ ಮ್ಯೂಸಿಯಂ ಅಂದರೆ ಆ ಬಂಡೆಯೇ. 1915ರಲ್ಲಿ ಚಿನ್ನದ ಗಣಿ ಇಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಶಾಸನ. ಬೇರೆ ಕಡೆ ಸಿಕ್ಕಿದ್ದು ‘ದೇವಾನಾಂಪ್ರಿಯ’ ಅನ್ನೋ ಬಿರುದು. ಅವನೇ ಅಶೋಕ ಅಂತ ಮೊದಲು ಹೆಸರು ಕೊಟ್ಟಿದ್ದು ನಮ್ಮ ಮಸ್ಕಿ.

ಶಾಲೆಯಲ್ಲಿ ನಮಗೆ ಕಲಿಸಿದ್ದು ಇಷ್ಟೇ. ಮುಂದಿನ ಸಾಲುಗಳನ್ನ ಯಾರೂ ಹೇಳಲಿಲ್ಲ. ಧಮ್ಮದಲ್ಲಿ ನಡೆದರೆ ಸಣ್ಣವನೂ ಈ ಗುರಿ ಮುಟ್ಟಬಹುದು, ಅದು ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ ಅನ್ನೋದು ಅದರ ತಾತ್ಪರ್ಯ. ಸಣ್ಣವನಿಗೆ ಅಲ್ಲಿರೋ ಪ್ರಾಕೃತ ಪದ ‘ಖುದಕ’.

ಅಶೋಕನನ್ನ ನಾನು ದೇವರು ಮಾಡ್ತಿಲ್ಲ. ಕಳಿಂಗದಿಂದ ಒಂದೂವರೆ ಲಕ್ಷ ಜನರನ್ನ ಸೆರೆಹಿಡಿದು ಒಯ್ದವನು ಅವನೇ. ಆದರೆ ಆ ಲೆಕ್ಕವನ್ನ ತಾನೇ ಕಲ್ಲಿನ ಮೇಲೆ ಬರೆಸಿದ, ಪಶ್ಚಾತ್ತಾಪವನ್ನೂ ಬರೆಸಿದ. ನಮ್ಮನ್ನ ಜೀತಕ್ಕಿಟ್ಟುಕೊಂಡವರು ಯಾವ ಕಲ್ಲಿನ ಮೇಲೆ ಬರೆಸಿದ್ದಾರೆ?

ಮಗಳು ಕೇಳಿದಳು: “ಮುತ್ಯಾನ ಹೆಸರು ಎಲ್ಲಿ ಬರದಾರಪ್ಪ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಮನೆಗೆ ಬಂದು ಅವಳ ನೋಟ್‌ಬುಕ್ಕಿನಲ್ಲೇ ಬರೆಯೋಕೆ ಶುರು ಮಾಡಿದ್ವಿ. ಮುತ್ಯಾನ ಹೆಸರು, ಸಾಲ, ದುಡಿದ ವರ್ಷ, ನಮ್ಮವ್ವನಿಗೆ ನೆನಪಿದ್ದಷ್ಟು.

ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಇವತ್ತೇ ಕೂತು ಕೇಳ್ರಿ. ಹಳೇ ಚೀಟಿ, ಕುಡುಗೋಲು, ಹಲಗೆ ಇದ್ದರೆ ಗುಜರಿಗೆ ಹಾಕಬೇಡ್ರಿ. ನಮ್ಮ ಮ್ಯೂಸಿಯಂ ಅಲ್ಲಿಂದಲೇ ಶುರುವಾಗಬೇಕು.

ಜೈಭೀಮ್.