ಚೌಕಾಬಾರ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಗಿರಾಕಿಗೆ ಕಾಯುತ್ತ ಕೂತವರಿಗೆ ಇದಕ್ಕಿಂತ ಅಗ್ಗದ ಆಟ ಸಿಗಲಾರದು: ನೆಲದ ಮೇಲೆ ಗೀಚಿದ 25 ಮನೆ, ಒಂದು ಮೈ ಬೆಳ್ಳಗಾಗುವಂತೆ ತೇಯ್ದ ನಾಲ್ಕು ಹುಣಸೆಬೀಜ. ಹೆಸರು ಬಂದದ್ದು ಗರದಿಂದ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ಅಂದರೆ 4. ಸಂಸ್ಕೃತದ ‘ಚತುಷ್ಕ’ ಬಾಯಿಂದ ಬಾಯಿಗೆ ಸವೆದ ರೂಪ. ನಾಲ್ಕೂ ಕಪ್ಪಾದರೆ ಬಾರ, 8. ಹಿಂದಿಯವರ ಬಾರಹ್ ಹನ್ನೆರಡು, ನಮ್ಮ ಬಾರ ಎಂಟು. ಆಡುವವರಿಗೆ ಅದರ ತಕರಾರೇ ಇಲ್ಲ. ಗುರುತು ಹಾಕಿದ ಮನೆಗಳು ಕಟ್ಟೆ, ಅಲ್ಲಿ ಕೂತ ಕಾಯನ್ನು ಕಡಿಯುವಂತಿಲ್ಲ. ಕೆಲವು ಕಡೆ ಆಟಕ್ಕೇ ಕಟ್ಟೆಮನೆ ಎನ್ನುತ್ತಾರೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ದಾರಿಯಿಲ್ಲ. ನನಗೆ ಇವೆಲ್ಲಕ್ಕಿಂತ ಇಷ್ಟವಾದ ಮಾತು, ನಡುಮನೆ ಮುಟ್ಟಿದ ಕಾಯಿಯದು: ಅದು ಗೆದ್ದಿತು ಅನ್ನುವುದಿಲ್ಲ, ‘ಹಣ್ಣಾಯ್ತು’ ಅನ್ನುತ್ತಾರೆ.