ಗಿರಣಿ ಊರಿನ ಟಿ.ವಿ. ಲೆಕ್ಕ

ದೆಹಲಿಯಲ್ಲಿ 1959ರಲ್ಲೇ ದೂರದರ್ಶನ ಆರಂಭವಾದರೂ ಬೆಂಗಳೂರು ಕೇಂದ್ರಕ್ಕಾಗಿ ಕನ್ನಡಿಗರು 1981ರ ನವೆಂಬರ್‌ವರೆಗೆ ಕಾಯಬೇಕಾಯಿತು. ಮರುವರ್ಷ ಏಷ್ಯಾಡ್ ಕ್ರೀಡಾಕೂಟದೊಂದಿಗೆ ಬಣ್ಣವೂ ಬಂತು. ಆದರೆ ಬಣ್ಣದ ಸೆಟ್ಟು ಎಲ್ಲರ ಕೈಗೆ ಎಟುಕುವಂತಿರಲಿಲ್ಲ.

ದಾವಣಗೆರೆ ಹತ್ತಿ ಗಿರಣಿಗಳ ಊರು. ಹರಿಹರಕ್ಕೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು. ಸಂಬಳದ ದಿನವನ್ನೇ ನಂಬಿದ್ದ ಇಂಥ ಊರುಗಳ ಮನೆಗಳಿಗೆ ಮೊದಲು ದಕ್ಕಿದ್ದು ಕಪ್ಪು-ಬಿಳುಪಿನ ಪೆಟ್ಟಿಗೆ. ಅದರ ಬೆಲೆಗೆ ಆಂಟೆನಾ, ಸ್ಟೆಬಿಲೈಸರ್‌ಗಳ ಖರ್ಚನ್ನೂ ಸೇರಿಸಬೇಕಿತ್ತು. ಆದರೂ ಒಮ್ಮೆ ಕೊಂಡರೆ ನೋಡುವುದಕ್ಕೆ ತಿಂಗಳ ಬಾಡಿಗೆ ಇರಲಿಲ್ಲ.

1990ರ ದಶಕದಲ್ಲಿ ಲೆಕ್ಕ ತಲೆಕೆಳಗಾಯಿತು. ಕೇಬಲ್ ಬಂತು, 1994ರಲ್ಲಿ ಉದಯ ಟಿ.ವಿ. ಬಂತು, ಜೊತೆಗೆ ತಿಂಗಳ ಬಿಲ್ಲೂ ಬಂತು. ಗಿರಣಿಗಳು ಸೊರಗಿ, ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಹಾಕಿದ್ದು ಹೆಚ್ಚುಕಡಿಮೆ ಇದೇ ಕಾಲಘಟ್ಟದಲ್ಲಿ. ಸಂಬಳ ನಿಂತ ಮನೆಗೆ ಬಿಲ್ಲು ಮಾತ್ರ ತಪ್ಪದೆ ಬರುತ್ತಿತ್ತು. 2004ರ ಡಿಸೆಂಬರ್‌ನಲ್ಲಿ ಶುರುವಾದ, ಇಂದು ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ಸೇವೆಯ ಮಹತ್ವ ಇಲ್ಲಿದೆ: ಡಿಶ್ಶು, ಬಾಕ್ಸು ಒಮ್ಮೆ ಕೊಂಡರೆ ಸಾಕು, ತಿಂಗಳ ಶುಲ್ಕವಿಲ್ಲ.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಸೆಟ್ಟುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. 32 ಇಂಚಿನವರೆಗಿನವಕ್ಕೆ ಮೊದಲೇ ಶೇ. 18 ಇತ್ತು. ದೊಡ್ಡ ಪರದೆಯ ಆಸೆ ಸಹಜ. ಆದರೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಕಂತಿನ ಒಟ್ಟು ಮೊತ್ತ ಎಷ್ಟು? ಕರೆಂಟು ಉಳಿಸುವ ನಕ್ಷತ್ರಗಳೆಷ್ಟು? ಕೆಟ್ಟರೆ ರಿಪೇರಿ ನಮ್ಮೂರಲ್ಲೇ ಆಗುತ್ತದೆಯೇ? ಇಂಟರ್ನೆಟ್, ಚಾನೆಲ್‌ಗಳಿಗೆ ತಿಂಗಳಿಗೆ ಎಷ್ಟು?

ಪೆಟ್ಟಿಗೆ ಅಗ್ಗವಾಗಿದೆ. ನೋಡುವುದು ಅಗ್ಗವಾಗಿದೆಯೇ ಎಂಬುದನ್ನು ಮನೆಯ ಆದಾಯವೇ ಹೇಳಬೇಕು.